ಹೊಟ್ಟೆ ಉಬ್ಬರ, ಮಂಡಿ ನೋವು: ಹೊಸ ಗುಳಿಗೆ ತರುವ ಮೊದಲು ಹೀಗೆ ಮಾಡಿ

ಹೋದ ಮಳೆಗಾಲದಲ್ಲಿ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಶಿರಸಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ, ತೋಟದ ಮನೆ. ಊಟ ಆದಮೇಲೆ ಅವರು ನಾಗಂದಿಗೆಯಿಂದ ಒಂದು ಸ್ಟೀಲ್ ಡಬ್ಬಿ ಇಳಿಸಿದರು. ಅದರಲ್ಲಿ ಅರಿಶಿನದ ಕ್ಯಾಪ್ಸೂಲ್, ಒಮೆಗಾ-3 ಅನ್ನುವ ಕೊಬ್ಬಿನ ಗುಳಿಗೆ, ಪ್ರೋಬಯಾಟಿಕ್ ಅಂದರೆ ಒಳ್ಳೆಯ ಬ್ಯಾಕ್ಟೀರಿಯಾದ ಪುಡಿ, ಮಲ್ಟಿವಿಟಮಿನ್, ಮಂಡಿನೋವಿನ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ. "ತಂಗೀ, ಯಾವ್ದು ಎಂತಕ್ಕೆ ಹೇಳಿ ನಂಗೇ ಮರ್ತೋಜು" ಅಂದರು. ಅಷ್ಟೆಲ್ಲ ನುಂಗಿದರೂ ಹೊಟ್ಟೆ ಉಬ್ಬರ ಕಡಿಮೆ ಆಗಿರಲಿಲ್ಲ, ಎದೆ ಉರಿ ಜಾಸ್ತಿಯೇ ಆಗಿತ್ತು. ಒಮೆಗಾ-3 ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಮೀನೆಣ್ಣೆ ಅಂತ ಬರೆದಿತ್ತು. ಜನ್ಮದಲ್ಲಿ ಮೀನು ಮುಟ್ಟದವರಿಗೆ ಅದನ್ನು ಓದಿ ಹೇಳುವಾಗ ನನಗೆ ಬಹಳ ಕಷ್ಟವಾಯಿತು.

ಹೊಸದನ್ನು ಸೇರಿಸುವ ಮೊದಲು ಈಗ ಹೊಟ್ಟೆಗೆ ಏನೇನು ಹೋಗುತ್ತಿದೆ ಅಂತ ನೋಡಬೇಕು, ಬೇಡದ್ದನ್ನು ತೆಗೆಯಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ. ಹೇಗೆ ಅನ್ನುವುದನ್ನು ದೊಡ್ಡಮ್ಮನ ಜೊತೆ ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಅರಿಶಿನ, ಒಮೆಗಾ-3 ಗುಳಿಗೆಗಳನ್ನು ಜನ ತಿನ್ನುವುದು ಉರಿಯೂತ ಇಳಿಯಲಿ ಅಂತ, ಹಾಗಾಗಿ ಮೊದಲು ಉರಿಯೂತ ಅಂದರೇನು ಅಂತ. ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಬಾತುಕೊಳ್ಳುತ್ತದಲ್ಲ, ಅದೇ. ಅದು ದೇಹಕ್ಕೆ ಬೇಕಾದ್ದೇ, ವಾಸಿಯಾಗುವ ದಾರಿ ಅದು. ತಿಂಗಳುಗಟ್ಟಲೆ ಆರದೆ ಒಳಗೊಳಗೇ ಉಳಿದುಕೊಂಡರೆ ಮಾತ್ರ ತೊಂದರೆ. ಕರುಳಿಗೆ ಇದರ ಜೊತೆ ನೇರ ಸಂಬಂಧ ಇದೆ. ಕರುಳಿನ ಒಳಮೈ ಒಂದೇ ಒಂದು ಸಾಲು ಜೀವಕೋಶಗಳಷ್ಟು ತೆಳು, ಅದರ ಹಿಂದೆಯೇ ದೇಹದ ಕಾವಲಿನ ಜೀವಕೋಶಗಳು ದೊಡ್ಡ ಸಂಖ್ಯೆಯಲ್ಲಿ ಇರುತ್ತವೆ. ನಾವು ತಿಂದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುಳಿಬರಿಸಿ ಬ್ಯುಟಿರೇಟ್ ಅನ್ನುವ ವಸ್ತು ಮಾಡುತ್ತವೆ, ಆ ತೆಳು ಸಾಲಿನ ಜೀವಕೋಶಗಳಿಗೆ ಮುಖ್ಯ ಆಹಾರ ಅದೇ. ನಾರು ಕಡಿಮೆಯಾದರೆ ಅವು ಹಸಿದಿರುತ್ತವೆ. ಆದರೆ ಎಲ್ಲ ಹೊಟ್ಟೆ ಉಬ್ಬರವೂ ಉರಿಯೂತ ಅಲ್ಲ. ಎಷ್ಟೋ ಸಲ ಅದು ಬರೀ ಗ್ಯಾಸ್, ಇಲ್ಲವೇ ಮಲಬದ್ಧತೆ.

ಎರಡು ವಾರ ಒಂದು ನೋಟ್‌ಬುಕ್ ಇಡಿ. ತಿಂದದ್ದು, ಹೊತ್ತು, ಹೊಟ್ಟೆ ಹೇಗಿತ್ತು, ಬೆಳಿಗ್ಗೆ ಸರಿಯಾಗಿ ಹೊರಗೆ ಹೋಯಿತಾ, ಎಲ್ಲ ಬರೆಯಿರಿ. ಮಾತ್ರೆ, ಚಹಾ, ಕವಳ ಯಾವುದನ್ನೂ ಬಿಡಬೇಡಿ. ದೊಡ್ಡಮ್ಮನ ನೋಟ್‌ಬುಕ್‌ನಲ್ಲಿ ನಾಲ್ಕೇ ದಿನಕ್ಕೆ ಒಂದು ಸಂಗತಿ ಕಂಡಿತು: ಮಧ್ಯಾಹ್ನ ಊಟದ ಮೇಲೆ ಹಲಸಿನ ಹಣ್ಣು ತಿಂದ ದಿನ ಸಂಜೆ ಉಬ್ಬರ. ಹಸಿದು ಹಲಸು, ಉಂಡು ಮಾವು ಅಂತ ನಮಗೆಲ್ಲ ಹೇಳಿಕೊಟ್ಟವರೇ ಅವರು. ಹಲಸು, ಈರುಳ್ಳಿ, ಬೆಳ್ಳುಳ್ಳಿ, ಹಾಲು ಇವುಗಳಲ್ಲಿರುವ ಕೆಲವು ಸಕ್ಕರೆಗಳು ಕೆಲವರಿಗೆ ಪೂರ್ತಿ ಜೀರ್ಣವಾಗದೆ ಮುಂದೆ ಹೋಗಿ, ಅಲ್ಲಿ ಬ್ಯಾಕ್ಟೀರಿಯಾ ಕೈಗೆ ಸಿಕ್ಕಿ ಗ್ಯಾಸ್ ಆಗುತ್ತವೆ. ಹೀಗೇನಾದರೂ ಕಂಡರೆ ಒಂದೊಂದನ್ನೇ ಎರಡು ವಾರ ಬಿಟ್ಟು ನೋಡಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಆಯಿತು ಅಂತ ಗೊತ್ತಾಗುವುದಿಲ್ಲ.

ನೋಟ್‌ಬುಕ್‌ನಲ್ಲಿ ಕಂಡ ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಮಂಡಿನೋವಿನ ಮಾತ್ರೆಯನ್ನು ಅವರು ದಿನವೂ ತೆಗೆದುಕೊಳ್ಳುತ್ತಿದ್ದರು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ಗಂಟಿನ ಬಾವು ಇಳಿಸುತ್ತವೆ ನಿಜ, ಆದರೆ ಹೊಟ್ಟೆ ಮತ್ತು ಸಣ್ಣ ಕರುಳಿನ ಒಳಮೈಯನ್ನು ಕೆಡಿಸುತ್ತವೆ, ಹುಣ್ಣು ಮಾಡುತ್ತವೆ. ಆ ಉರಿಗೆ ಗ್ಯಾಸ್ಟ್ರಿಕ್ ಮಾತ್ರೆ. ಅದನ್ನು ವರ್ಷಗಟ್ಟಲೆ ತಿಂದರೆ ಆಹಾರದಲ್ಲಿನ ಬಿ12 ಮೈಗೆ ಸೇರುವುದು ಕಡಿಮೆಯಾಗುತ್ತದೆ, ಸಸ್ಯಾಹಾರಿಗಳಿಗೆ ಅದು ಮೊದಲೇ ಕಮ್ಮಿ. ಆಮೇಲೆ ಸುಸ್ತು, ಸುಸ್ತಿಗೆ ಮಲ್ಟಿವಿಟಮಿನ್. ಒಂದು ಮಾತ್ರೆ ಇನ್ನೊಂದನ್ನು ಕರೆದುಕೊಂಡು ಬಂದಿತ್ತು. ನಿಮ್ಮ ಮನೆಯಲ್ಲೂ ಹೀಗಿದ್ದರೆ ಡಾಕ್ಟರ್ ಹತ್ತಿರ ಕೇಳಿ, ಬರೆದುಕೊಟ್ಟದ್ದನ್ನು ನೀವಾಗಿಯೇ ನಿಲ್ಲಿಸಬೇಡಿ.

ಈಗ ಊಟ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ಒಂದು ಕಪ್ ಬೆಂದ ಹೆಸರುಕಾಳಿನಲ್ಲಿ ಸುಮಾರು 15 ಗ್ರಾಂ ಸಿಗುತ್ತದೆ, ಅದೇ ಕಪ್ ಬಿಳಿ ಅನ್ನದಲ್ಲಿ 1 ಗ್ರಾಂ ಕೂಡ ಇಲ್ಲ. ಅನ್ನ ಬಿಡಿ ಅಂತ ಹೇಳುತ್ತಿಲ್ಲ. ಎರಡನೇ ಸಲ ಅನ್ನ ಬಡಿಸಿಕೊಳ್ಳುವ ಬದಲು ಬಸಳೆ, ಹರಿವೆ, ಬಾಳೆದಿಂಡಿನ ಪಲ್ಯ, ಕಾಳು ಇವನ್ನು ಬಡಿಸಿಕೊಳ್ಳಿ. ನಿಧಾನಕ್ಕೆ ಜಾಸ್ತಿ ಮಾಡಿ, ವಾರಕ್ಕೆ ಒಂದು ಬದಲಾವಣೆ ಸಾಕು. ಒಮ್ಮೆಲೇ ಏರಿಸಿದರೆ ಗ್ಯಾಸ್ ಜಾಸ್ತಿಯಾಗಿ ನೀವು ಮೂರೇ ದಿನಕ್ಕೆ ಬಿಟ್ಟುಬಿಡುತ್ತೀರಿ. ನೀರೂ ಕುಡಿಯಬೇಕು.

ಮಜ್ಜಿಗೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರನ್ನು ಎರಡು ಗುಂಪು ಮಾಡಿ 10 ವಾರ ನೋಡಿದ ಅಧ್ಯಯನ 2021ರಲ್ಲಿ ಬಂತು. ಮೊಸರಿನಂಥ ಹುಳಿಬಂದ ಆಹಾರವನ್ನು ದಿನವೂ ಚೆನ್ನಾಗಿ ತಿಂದ ಗುಂಪಿನಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಬಗೆ ಹೆಚ್ಚಾಯಿತು, ರಕ್ತದಲ್ಲಿ ಉರಿಯೂತ ತೋರಿಸುವ 19 ಪ್ರೋಟೀನ್‌ಗಳು ಇಳಿದವು. ಸಣ್ಣ ಅಧ್ಯಯನ, ಅಲ್ಲಿ ತಂಬುಳಿ ಇರಲಿಲ್ಲ. ಆದರೂ ದಿನಾ ಮಜ್ಜಿಗೆ ಕುಡಿಯುವ ನಮ್ಮ ಅಭ್ಯಾಸ ಬಿಡಬಾರದು ಅನ್ನಲು ನನಗೆ ಅಷ್ಟು ಸಾಕು. ತಂಬುಳಿ ಮಾಡುವಾಗ ಒಂದು ಮುಷ್ಟಿ ಒಂದೆಲಗವನ್ನು ಬೇರಿನ ಮಣ್ಣು ಹೋಗುವ ಹಾಗೆ ಮೂರು ನೀರಿನಲ್ಲಿ ತೊಳೆಯಿರಿ. ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಚಟಪಟ ಅನ್ನಿಸಿ, ಸೊಪ್ಪನ್ನೂ ಅದಕ್ಕೇ ಹಾಕಿ ಬಾಡಿಸಿ, ಕಾಯಿತುರಿ ಜೊತೆ ನುಣ್ಣಗೆ ಬೀಸಿ. ಪೂರ್ತಿ ತಣ್ಣಗಾದ ಮೇಲೆ ಮಜ್ಜಿಗೆ ಸೇರಿಸಿ. ಬಿಸಿ ಇರುವಾಗ ಸೇರಿಸಬೇಡಿ, ಕುದಿಸಲೇಬೇಡಿ, ಕುದಿಸಿದರೆ ಮಜ್ಜಿಗೆಯ ಜೀವಂತ ಬ್ಯಾಕ್ಟೀರಿಯಾ ಸಾಯುತ್ತವೆ. ಮಜ್ಜಿಗೆ ಹುಳಿ ರುಚಿಯೇ, ಆದರೆ ಈ ಲೆಕ್ಕಕ್ಕೆ ಅದು ಬರುವುದಿಲ್ಲ.

ಕಾರವಾರ, ಅಂಕೋಲಾ ಕಡೆಯವರಿಗೆ ಮೀನೆಣ್ಣೆ ಗುಳಿಗೆ ಯಾಕೆ ಬೇಕು ಅಂತ ನನಗೆ ಅರ್ಥವಾಗುವುದಿಲ್ಲ. 1000 ಮಿಲಿಗ್ರಾಂ ಅಂತ ಬರೆದ ಸಾಮಾನ್ಯ ಗುಳಿಗೆಯಲ್ಲಿ ಕೆಲಸಕ್ಕೆ ಬರುವ ಒಮೆಗಾ-3 ಸುಮಾರು 300 ಮಿಲಿಗ್ರಾಂ ಅಷ್ಟೇ. 100 ಗ್ರಾಂ ಬಂಗಡೆ ಅಥವಾ ತಾರ್ಲೆಯಲ್ಲಿ ಒಂದು ಗ್ರಾಂ ಆಸುಪಾಸು ಸಿಗುತ್ತದೆ, ಜೊತೆಗೆ ಬಿ12 ಕೂಡ. ವಾರಕ್ಕೆ ಎರಡು ಸಲ ಸಾರು ಮಾಡಿ ತಿನ್ನಿ, ಪ್ರತಿ ಸಲ ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದು ಬೇಡ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟು ಕಡಲಿಗೆ ಇಳಿಯದಿದ್ದಾಗ ಸ್ವಲ್ಪ ಕಮ್ಮಿಯಾದರೆ ಏನೂ ಆಗುವುದಿಲ್ಲ. ಸಸ್ಯಾಹಾರಿಗಳಿಗೆ ಅಗಸೆ ಇದೆ, ಪುಡಿ ಮಾಡಿ ತಿನ್ನಬೇಕು. ಅದರ ಒಮೆಗಾ-3 ಬೇರೆ ಬಗೆಯದು, ಮೀನಿನಲ್ಲಿರುವ ರೂಪಕ್ಕೆ ತಿರುಗುವುದು ಸ್ವಲ್ಪವೇ. ಬೇಕೇ ಬೇಕು ಅಂದರೆ ಪಾಚಿಯಿಂದ ತೆಗೆದ ಎಣ್ಣೆಯ ಗುಳಿಗೆ ಬರುತ್ತದೆ, ಹೊದಿಕೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಟಿನ್ ಅಲ್ಲ ಅಂತ ನೋಡಿ ತನ್ನಿ.

ಅರಿಶಿನದ ವಿಷಯದಲ್ಲಿ ಎಚ್ಚರ ಬೇಕು. ಅಡುಗೆ ಅರಿಶಿನದಲ್ಲಿ ಕೆಲಸ ಮಾಡುವ ಮುಖ್ಯ ವಸ್ತು ಕರ್ಕ್ಯುಮಿನ್ ನೂರಕ್ಕೆ ಮೂರರ ಆಸುಪಾಸು, ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದಾಗ ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಏರಿತು. ಈಗ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಪೈಪರಿನ್ ಇರುತ್ತದೆ. ಮಂಡಿ ಸವೆತದ ನೋವು ಇವುಗಳಿಂದ ಸ್ವಲ್ಪ ಇಳಿದದ್ದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಇಟಲಿ, ಅಮೆರಿಕದಲ್ಲಿ ಇಂಥವನ್ನು ತಿಂದು ಲಿವರ್ ಕೆಟ್ಟವರೂ ಇದ್ದಾರೆ. ಪಿತ್ತಕೋಶದಲ್ಲಿ ಕಲ್ಲಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳದೆ ಬೇಡವೇ ಬೇಡ. ತಿನ್ನುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಸಾರು, ಪಲ್ಯಕ್ಕೆ ಹಾಕುವ ಅರಿಶಿನಕ್ಕೆ ಈ ಭಯ ಬೇಡ.

ಹಾಗಾದರೆ ಯಾವುದು ಕೆಲಸಕ್ಕೆ ಬರುತ್ತದೆ? ಮಲಬದ್ಧತೆಗೆ ಇಸಬ್‌ಗೋಲ್ ಒಳ್ಳೆಯದು. ಒಂದು ಚಮಚವನ್ನು ದೊಡ್ಡ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿಯಿರಿ, ಒಣಗಿದ್ದನ್ನೇ ಬಾಯಿಗೆ ಹಾಕಿದರೆ ಗಂಟಲಲ್ಲಿ ಉಬ್ಬಿ ಕಟ್ಟಿಕೊಳ್ಳಬಹುದು. ಬೇರೆ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಬಿ12 ರಕ್ತ ಪರೀಕ್ಷೆಯಲ್ಲಿ ಕಡಿಮೆ ಬಂದರೆ ತೆಗೆದುಕೊಳ್ಳಲೇಬೇಕು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರು ಇದನ್ನು ಮಾಡಿಸಿ ನೋಡಿ. ಆಂಟಿಬಯಾಟಿಕ್ ಜೊತೆ ಬರುವ ಭೇದಿಗೆ ಪ್ರೋಬಯಾಟಿಕ್ ಕೆಲವರಿಗೆ ಉಪಯೋಗ, ಸುಮ್ನೆ ವರ್ಷವಿಡೀ ತಿನ್ನಲು ಅಲ್ಲ.

ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ ಇದ್ದರೆ ಅಥವಾ 45 ದಾಟಿದ ಮೇಲೆ ಹೊಸದಾಗಿ ಹೊಟ್ಟೆ ತೊಂದರೆ ಶುರುವಾದರೆ ನೋಟ್‌ಬುಕ್ ಮುಗಿಯುವವರೆಗೆ ಕಾಯಬೇಡಿ. ಕರುಳಿನಲ್ಲಿ ನಿಜವಾಗಿಯೂ ಉರಿಯೂತ ಇದೆಯಾ ಅಂತ ನೋಡಲು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಇದೆ, ಬೇಕಾದರೆ ಡಾಕ್ಟರೇ ಬರೆಯುತ್ತಾರೆ. ಹೋಗುವಾಗ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ, ಹೆಸರು ನೆನಪಿಟ್ಟು ಹೇಳಲು ಹೋಗಬೇಡಿ. ನಾವು ಹಾಗೇ ಮಾಡಿದ್ದು. ಡಾಕ್ಟರು ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಒಂದೊಂದನ್ನೇ ಓದಿ, ನೋವಿನ ಮಾತ್ರೆ ಬದಲಿಸಿದರು. ತಿಂಗಳೊಳಗೆ ದೊಡ್ಡಮ್ಮನ ಎದೆ ಉರಿ ನಿಂತಿತು. ಮಂಡಿ ಈಗಲೂ ನೋಯುತ್ತದೆ, ಆದರೆ ಡಬ್ಬಿಯಲ್ಲಿ ಉಳಿದಿರುವುದು ಮೂರೇ.