ಶಾಲೆಗೆ ಐಸ್‌ಕ್ರೀಂ ಕಡ್ಡಿ ಕೊಡಿ, ಕಟ್ಟುವ ಕೆಲಸ ಮಕ್ಕಳಿಗೇ ಬಿಡಿ

ಕಲಬುರಗಿ ಕಡೆ ಸರ್ಕಾರಿ ಶಾಲೆಗೆ ಏನಾದರೂ ಕೊಡಬೇಕು ಅಂತಿದ್ದರೆ, ನೋಟ್‌ಬುಕ್ ಜೊತೆ ಲೆಕ್ಕ ಕಲಿಯಲು ಐಸ್‌ಕ್ರೀಂ ಕಡ್ಡಿ, ರಬ್ಬರ್ ಬ್ಯಾಂಡ್ ಕೂಡ ಕೊಡಿ. ನಾಲ್ಕು ಮಕ್ಕಳಿಗೆ ಒಂದು ಚೀಲ, ಚೀಲಕ್ಕೆ 50 ಕಡ್ಡಿ ಸಾಕು. ಹತ್ತರ ಕಟ್ಟು ಮಕ್ಕಳೇ ಕಟ್ಟಲಿ. 32 ಅಂದರೆ ಮೂರು ಕಟ್ಟು, ಎರಡು ಬಿಡಿ ಕಡ್ಡಿ. ಅದರಲ್ಲಿ 17 ಕಳೆಯುವಾಗ ಏಳು ತೆಗೆಯಲು ಎರಡು ಬಿಡಿ ಕಡ್ಡಿ ಸಾಲುವುದಿಲ್ಲ, ಅಲ್ವಾ? ಮಗು ಒಂದು ಕಟ್ಟು ಬಿಚ್ಚುತ್ತದೆ, ಬಿಡಿ ಕಡ್ಡಿ 12 ಆಗುತ್ತವೆ. ಅದರಲ್ಲಿ ಏಳು ತೆಗೆದು, ಇನ್ನೊಂದು ಕಟ್ಟು ಪಕ್ಕಕ್ಕಿಟ್ಟರೆ ಉಳಿಯುವುದು 15. ಪಕ್ಕದಿಂದ ಹತ್ತು ತರುವುದು ಅಂದರೆ ಏನು ಅಂತ ಕೈಯಲ್ಲೇ ತಿಳಿಯುತ್ತದೆ. ತೊಗರಿ ಕಾಳು ಕೊಟ್ಟರೆ ಎಣಿಸಬಹುದು, ಆದರೆ ಹೀಗೆ ಕಟ್ಟಿ ಬಿಚ್ಚಲು ಆಗಲ್ಲ. ನೂರು ದಾಟಿದ ಲೆಕ್ಕಕ್ಕೆ ಕಡ್ಡಿ ಸರಿಹೋಗಲ್ಲ, ರಾಶಿ ಜಾಸ್ತಿಯಾಗಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ನಮ್ಮ ಬಿಸಿಲಿಗೆ ರಬ್ಬರ್ ಬ್ಯಾಂಡ್ ಒಣಗಿ ತುಂಡಾಗುತ್ತದೆ, ಬೇಸಿಗೆ ರಜೆ ಮುಗಿದ ಮೇಲೆ ಹೊಸದು ಕೊಡಿ.