ಹದಿನೆಂಟು ಮೊಳದ ಸೀರೆ ಕೌದಿಯಾದದ್ದು

ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಿರುವ ನನ್ನ ಮಗಳು ಮೊದಲ ವರ್ಷದ ದೀಪಾವಳಿಗೆ ಮನೆಗೆ ಬಂದಾಗ, ಊಟ ಚಪಾತಿಯ ಸುದ್ದಿಗಿಂತ ಮೊದಲು ಹೇಳಿದ್ದು ಅಲ್ಲಿನ ಚಳಿಯ ಸುದ್ದಿ. ಕಲಬುರಗಿಯಲ್ಲಿ ಹುಟ್ಟಿ ಬೆಳೆದವರಿಗೆ ಮೇ ತಿಂಗಳ ಬಿಸಿಲು 43 ಡಿಗ್ರಿ ದಾಟಿದರೂ ದೊಡ್ಡ ಮಾತಲ್ಲ. ಬೀದರ್ ಮಾತ್ರ ನಮ್ಮೂರಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿರುವುದರಿಂದ ಡಿಸೆಂಬರಿನ ಬೆಳಗಿನ ಗಾಳಿ ನಮ್ಮ ಮಕ್ಕಳಿಗೆ ತಡೆಯುವುದಿಲ್ಲ. ಯಜಮಾನರು ಕಪಡಾ ಬಜಾರಿಗೆ ಹೋಗಿ ಒಂದು ರಜಾಯಿ ತಂದುಬಿಡೋಣ ಎಂದರು. ನಾನು ಕೌದಿ ಹೊಲಿದು ಕೊಡುತ್ತೇನೆ ಎಂದುಬಿಟ್ಟೆ. ಎಳ್ಳಮಾವಾಸ್ಯೆಯ ಒಳಗೆ ಮುಗಿಸಬೇಕೆಂದು ಗಡುವನ್ನೂ ನಾನೇ ಹಾಕಿಕೊಂಡೆ.

ಹೀಗೆ ಹೇಳುವುದಕ್ಕೆ ನನ್ನ ಬಳಿ ಕಾರಣವಿತ್ತು. ಆ ವರ್ಷದ ಮಳೆಗಾಲದಲ್ಲಿ ನಾನು ಹಳೆಯದೊಂದು ಹೊಲಿಗೆ ಮಿಷನ್ ತಂದು, ಅದನ್ನು ನಾನೇ ರಿಪೇರಿ ಮಾಡಿ, ಮನೆಯ ಪರದೆ, ದಿಂಬಿನ ಕವರು, ಮಗನ ಶಾಲೆಯ ಪ್ಯಾಂಟಿನ ಕೆಳಮಡಿಕೆ ಎಲ್ಲವನ್ನೂ ಹೊಲಿದು, ಸ್ವಲ್ಪ ಗರ್ವದಲ್ಲಿದ್ದೆ. ಗುಜರಿ ಸಾಮಾನಿಗೆ ನಮ್ಮ ಕಡೆ ಭಂಗಾರ ಎನ್ನುತ್ತಾರೆ. ಆ ಮಹಾಪ್ರಾಣವನ್ನು ಸರಿಯಾಗಿ ಉಚ್ಚರಿಸದಿದ್ದರೆ ಮನೆಯವರು ಒಡವೆ ತರಲು ಹೊರಟಿದ್ದೀರೆಂದು ತಿಳಿಯುವ ಅಪಾಯವಿದೆ. ನಮ್ಮ ಮನೆಯಲ್ಲಿ ಇದು ಹಳೆಯ ನಗೆಚಾಟಿಕೆ. ಗಂಜ್ ಕಡೆಯ ಅಂತಹ ಒಂದು ಅಂಗಡಿಯಲ್ಲಿ, ತುಕ್ಕು ಹಿಡಿದ ಸೈಕಲ್ ಚಕ್ರಗಳ ಕೆಳಗೆ, ಕಾಲಿನಿಂದ ತುಳಿಯುವ ಕಬ್ಬಿಣದ ಸ್ಟ್ಯಾಂಡಿನ ಸಮೇತ ಅದು ಬಿದ್ದಿತ್ತು. ಚಕ್ರ ಒಂದು ಕೂದಲಿನಷ್ಟೂ ತಿರುಗುತ್ತಿರಲಿಲ್ಲ. ಸ್ಟ್ಯಾಂಡನ್ನು ತೂಕಕ್ಕೆ ಹಾಕಿ, ತಲೆಯನ್ನು ಬೇರೆ ಲೆಕ್ಕ ಮಾಡಿ, ಒಟ್ಟು 1,800 ರೂಪಾಯಿ ಕೇಳಿದರು, ಕೊಟ್ಟೆ.

ಸಿಂಗರ್ ಮಿಷನ್ನುಗಳ ಮೈಮೇಲೆ ಒಂದು ಸಂಖ್ಯೆ ಒತ್ತಿರುತ್ತದೆ. ಅದರ ಮುಂದಿನ ಅಕ್ಷರಗಳನ್ನು ನೋಡಿ ಅದು ಯಾವ ಕಾಲದಲ್ಲಿ, ಎಲ್ಲಿ ತಯಾರಾಯಿತೆಂದು ತಿಳಿಯಬಹುದು. ನನ್ನದರ ಸಂಖ್ಯೆ 'ಇ' ಎಂಬ ಇಂಗ್ಲಿಷ್ ಅಕ್ಷರದಿಂದ ಆರಂಭವಾಗುತ್ತದೆ, ಎಂದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು. ಆ ಕಾರ್ಖಾನೆ 1980ರಲ್ಲಿಯೇ ಮುಚ್ಚಿಹೋಗಿದೆ, ಅದು ಮಾಡಿ ಕಳಿಸಿದ ಮಿಷನ್ನು ಮಾತ್ರ ಕಲಬುರಗಿಯ ಪಡಸಾಲೆಯಲ್ಲಿ ಇನ್ನೂ ಓಡುತ್ತಿದೆ.

ರಿಪೇರಿ ಎಂದರೆ ಮುಕ್ಕಾಲು ಪಾಲು ತಾಳ್ಮೆ, ಕಾಲು ಪಾಲು ಸೀಮೆಎಣ್ಣೆ. ಹಳೆಯ ಮಿಷನ್ ಬಿಗಿದುಕೊಳ್ಳುವುದಕ್ಕೆ ತುಕ್ಕು ಕಾರಣವಾಗುವುದು ಕಡಿಮೆ; ವರ್ಷಗಟ್ಟಲೆ ಹಾಕಿದ ಎಣ್ಣೆ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಕೀಲುಗಳನ್ನು ಕಚ್ಚಿ ಹಿಡಿದಿರುತ್ತದೆ. ಅನೇಕರು ಮಿಷನ್ನಿಗೆ ಕೊಬ್ಬರಿ ಎಣ್ಣೆ ಬಿಡುತ್ತಾರೆ, ಅದಂತೂ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇನ್ನೂ ಕೆಡಿಸುತ್ತದೆ. ನಾನು ಎಣ್ಣೆಯ ತೂತುಗಳಿಗೆ ಒಂದೊಂದೇ ಹನಿ ಸೀಮೆಎಣ್ಣೆ ಬಿಟ್ಟು, ಎರಡು ದಿನ ಮುಟ್ಟದೆ ಇಟ್ಟು, ಮೂರನೆಯ ದಿನ ಚಕ್ರವನ್ನು ಹಿಂದೆ ಮುಂದೆ ಕೂದಲೆಳೆಯಷ್ಟು ಆಡಿಸುತ್ತ ಹೋದೆ. ಸಂಜೆಯ ಹೊತ್ತಿಗೆ ಅದು ಒಂದು ಸುತ್ತು ತಿರುಗಿತು. ಆಮೇಲೆ ಕರಿ ನೀರಿನಂತಹ ಹೊಲಸು ಇಳಿದು ಮುಗಿಯುವವರೆಗೆ ಒರೆಸಿ, ಮಿಷನ್ ಎಣ್ಣೆ ಹಾಕಿದೆ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ಸಂದಿಯಲ್ಲಿ ನಾರು ಕಂಬಳಿಯಂತೆ ಒತ್ತಿ ಕೂತಿತ್ತು, ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ ತೆಗೆದೆ. ಚರ್ಮದ ಪಟ್ಟಿ ಹೊಸದು ಹಾಕಿದೆ. ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಕೇಸನ್ನು ಅದರ ದಾರದಿಂದ ನೇತುಹಾಕಿ ಮೆಲ್ಲಗೆ ಕುಲುಕಿದರೆ ಅದು ಒಂದಿಷ್ಟೇ ಕೆಳಗಿಳಿದು ನಿಲ್ಲಬೇಕು. ಸರ್ರನೆ ಜಾರಿದರೆ ಸಡಿಲ, ಅಲುಗದಿದ್ದರೆ ಬಿಗಿ. ಇಷ್ಟೆಲ್ಲ ಸರಿ ಮಾಡಿದ ಮೇಲೂ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತಿದ್ದುದಕ್ಕೆ ಒಂದು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಸೂಜಿಯ ಚಪ್ಪಟೆ ಬದಿಯನ್ನು ತಿರುವುಮುರುವಾಗಿ ಕೂರಿಸಿದ್ದೆ.

ನನ್ನ ಹೊಲಿಗೆಯ ಹೊತ್ತು ಮಧ್ಯಾಹ್ನ 1ರಿಂದ 3:30ರವರೆಗೆ. ಬೆಳಿಗ್ಗೆ ನಳದ ನೀರು, ರೊಟ್ಟಿ, ಮಗನ ಡಬ್ಬಿ, ಅತ್ತೆಯ ಗುಳಿಗೆ ಇವುಗಳಲ್ಲಿ ಹೋಗುತ್ತದೆ, ಸಂಜೆ ಮಗನ ಹೋಮ್‌ವರ್ಕಿಗೆ. ನಡುವಿನ ಎರಡೂವರೆ ಗಂಟೆಯಲ್ಲಿ ಕರೆಂಟ್ ಹೋದರೂ ಕಾಲಿನ ಮಿಷನ್ನಿಗೆ ತೊಂದರೆಯಿಲ್ಲ. ನಮ್ಮ ಪಡಸಾಲೆಗೆ ಶಹಾಬಾದ್ ಫರ್ಸಿ ಹಾಸಿದೆ; ತಣ್ಣಗಿರುವುದರ ಜೊತೆಗೆ ಅದರ ಕಲ್ಲುಗಳ ಗೆರೆ ನೇರವಾಗಿರುವುದರಿಂದ ಬಟ್ಟೆ ಹಾಸಿ ಅಳೆಯಲು ಬೇರೆ ಮೇಜು ಬೇಕಿಲ್ಲ.

ಹಳೆಯ ವಸ್ತು ಕೂಡಿಸುವ ಚಟ ನನಗೆ ಮದುವೆಗೆ ಮೊದಲಿನಿಂದಲೂ ಇದೆ. ಕೆಂಡದ ಇಸ್ತ್ರಿ ಪೆಟ್ಟಿಗೆ, ಹಿತ್ತಾಳೆಯ ಅಡಕೊತ್ತು, 1943ರಿಂದ 1947ರವರೆಗೆ ಬ್ರಿಟಿಷ್ ಸರ್ಕಾರ ಹೊರಡಿಸಿದ ನಡುವೆ ತೂತಿರುವ ಪೈಸೆಗಳು, ಗುಳೇದಗುಡ್ಡದ ಖಣದ ತುಂಡುಗಳು, ಗಾಜಿನ ಗುಂಡಿಗಳು ಹೀಗೆ. ಗಾಜಿನ ಕಪಾಟಿನಲ್ಲಿ ಇಟ್ಟು ತೋರಿಸುವ ಸಂಗ್ರಹ ನನ್ನದಲ್ಲ, ಅಂತಹ ಜಾಗವೂ ನಮ್ಮ ಮನೆಯಲ್ಲಿಲ್ಲ. ತೂತಿನ ಪೈಸೆಯನ್ನು ಮಗ ಕೂಸಾಗಿದ್ದಾಗಿನ ಟೊಪ್ಪಿಗೆಯ, ಎಂದರೆ ಕುಂಚಗಿಯ, ಲಾಡಿಯ ತುದಿಗೆ ಹೊಲಿದಿದ್ದೆ, ಅಡಕೊತ್ತಿನಲ್ಲಿ ಅತ್ತೆ ಈಗಲೂ ಅಡಿಕೆ ಕತ್ತರಿಸುತ್ತಾರೆ. ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಹೆಂಗಸರು ಓಣಿಗೆ ಬಂದರೆ ಅಕ್ಕಪಕ್ಕದವರು ಈಗ ಮೊದಲು ನನ್ನನ್ನು ಕೂಗುತ್ತಾರೆ. ಒಳ್ಳೆಯ ನೇಯ್ಗೆಯ ಸೀರೆ ಒಂದು ತಾಟಿಗೆ ಹೋಗುವುದನ್ನು ನೋಡಿ ನಾನು ಸುಮ್ಮನಿರುವುದಿಲ್ಲವೆಂದು ಅವರಿಗೆ ಗೊತ್ತು.

ಕೌದಿಗೆ ಸೀರೆ ಕೊಟ್ಟವರು ಅತ್ತೆ. ಟ್ರಂಕಿನ ತಳದಿಂದ ತೆಗೆದ ಹದಿನೆಂಟು ಮೊಳದ ಇಳಕಲ್ ಸೀರೆ ಅದು, ಮೈ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಹದಿನೆಂಟು ಮೊಳವೆಂದರೆ 27 ಅಡಿ. ಸೆರಗು ಬಿಟ್ಟು ಅಳೆದರೆ ಆರಡಿ ಉದ್ದದ ನಾಲ್ಕು ತುಂಡು ಬರುತ್ತವೆ, ಪನ್ನ, ಎಂದರೆ ಅಗಲ, ನಾಲ್ಕು ಅಡಿಗೆ ತುಸು ಕಡಿಮೆ. ಹಾಸ್ಟೆಲಿನ ಮಂಚಕ್ಕೆ ಇಷ್ಟೇ ಬೇಕು. ಹೀಗೆ ಒಂದೇ ಸೀರೆಯಿಂದ ನಾಲ್ಕು ಪದರಗಳಾದವು, ಮೇಲೆ ಚೂರುಗಳ ಐದನೆಯ ಪದರ. ಸೆರಗನ್ನು ಕತ್ತರಿಸುವಾಗ ಎಚ್ಚರ ಬೇಕು. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸೇರಿಸಿ ಜೋಡಿಸಿರುತ್ತಾರೆ, ಅದಕ್ಕೆ ತೋಪ ತೆನಿ ಎಂದು ಹೆಸರು. ಆ ಜೋಡಣೆಯ ಮೇಲೆಯೇ ಕತ್ತರಿ ಆಡಿಸಿದರೆ ಕುಣಿಕೆಗಳು ಕಳಚಿ ಎರಡೂ ಕಡೆ ಬಿಚ್ಚಿಕೊಳ್ಳುತ್ತವೆ. ನಾನು ನಾಲ್ಕು ಬೆರಳು ಈಚೆಗೆ ಕತ್ತರಿಸಿ, ಸೆರಗನ್ನು ಇಡಿಯಾಗಿ ಮಡಿಚಿ ಅತ್ತೆಯ ಕೈಗೇ ವಾಪಸು ಕೊಟ್ಟೆ. ಅವರು ಅದನ್ನು ತಿರುಗಿ ಟ್ರಂಕಿಗೆ ಹಾಕಿದರು.

ಮೇಲ್ಪದರಕ್ಕೆ ಖಣದ ಚೂರು, ಮಗಳ ಶಾಲೆಯ ಯೂನಿಫಾರ್ಮಿನ ನೀಲಿ, ಮಾವನವರ ಧೋತರದ ಬಿಳಿ ಸೇರಿದವು. ಪ್ರತಿಯೊಂದು ಬಣ್ಣದ ಬಟ್ಟೆಯನ್ನೂ ಮೊದಲು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿದೆ. ಒಂದು ಕೆಂಪು ಖಣ ಬಣ್ಣ ಬಿಟ್ಟಿತು, ಅದನ್ನು ಕೈಬಿಟ್ಟೆ.

ಐದೂ ಪದರ ಹಾಸಿ, ಕಚ್ಚಾ ಹೊಲಿಗೆ ಹಾಕಿ, ಮಿಷನ್ನಿಗೆ 18ನೆಯ ನಂಬರಿನ ಸೂಜಿ ಕೂರಿಸಿ ನಾನು ತುಳಿಯಲು ಶುರುಮಾಡಿದಾಗ ಅತ್ತೆ ಬಾಗಿಲಲ್ಲಿ ನಿಂತು, "ಮಿಷನ್ ಹೊಲಿಗಿ ಕೌದಿಗಿ ನಡಿಯಂಗಿಲ್ಲವ್ವಾ, ಹಳಿ ಅರಿವಿ ಹರೀತದ" ಎಂದರು. ನಾನು ಕೇಳಲಿಲ್ಲ. ನಾಲ್ಕು ಸಾಲು ಮುಗಿಸಿ ಬಿಡಿಸಿ ನೋಡಿದರೆ ಮೇಲಿನ ಪದರವೆಲ್ಲ ಅಂಚಿಗೆ ಬಂದು ನೆರಿಗೆಗಟ್ಟಿತ್ತು. ಮಿಷನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಮಾತ್ರ ಎಳೆಯುತ್ತದೆ, ಮೇಲೆ ಒತ್ತಿ ಹಿಡಿಯುವ ಪಾದ ಮೇಲಿನ ಬಟ್ಟೆಯನ್ನು ಹಿಂದಕ್ಕೆ ತಡೆಯುತ್ತದೆ. ಎರಡು ಪದರಕ್ಕೆ ತಿಳಿಯದ ಈ ಎಳೆದಾಟ ಐದು ಪದರಕ್ಕೆ ಚೆನ್ನಾಗಿ ತಿಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮಿಷನ್ ಇಂಚಿಗೆ ಹತ್ತು ಹನ್ನೆರಡು ತೂತು ಹೊಡೆಯುತ್ತದೆ, ಸವೆದ ಹತ್ತಿಗೆ ಅದು ಅಂಚೆಚೀಟಿಯ ಅಂಚಿನಂತೆ. ಸ್ವಲ್ಪ ಜಗ್ಗಿದ್ದೇ ತಡ, ಸಾಲಿನುದ್ದಕ್ಕೂ ಒಂದು ಗೇಣು ಹರಿಯಿತು. ಅತ್ತೆ ಏನೂ ಅನ್ನಲಿಲ್ಲ. ಬ್ಲೇಡ್ ತಂದು ನನ್ನ ಪಕ್ಕ ಕೂತು ಹೊಲಿಗೆ ಬಿಚ್ಚತೊಡಗಿದರು. ಹರಿದ ಕಡೆ ಯೂನಿಫಾರ್ಮಿನ ನೀಲಿ ತುಂಡೊಂದನ್ನು ಹೆಚ್ಚಿಗೆ ಹಚ್ಚಬೇಕಾಯಿತು.

ಅಲ್ಲಿಂದ ಮುಂದೆ ಎಲ್ಲವೂ ಕೈಹೊಲಿಗೆ. ಕೌದಿಯನ್ನು ಹೊರ ಅಂಚಿನಿಂದ ಆರಂಭಿಸಿ, ನಾಲ್ಕೂ ಬದಿ ಸುತ್ತಿ, ಮತ್ತೆ ಅದರ ಒಳಗೊಂದು ಸುತ್ತು ಹೀಗೆ ನಡುವಿಗೆ ಬರುವುದು ನಮ್ಮ ಮನೆಯ ರೀತಿ. ಸಾಲಿಗೂ ಸಾಲಿಗೂ ಮುಕ್ಕಾಲು ಇಂಚು ಬಿಟ್ಟೆ. ಲೆಕ್ಕ ಹಾಕಿದರೆ ಇಷ್ಟು ಅಗಲದ ಕೌದಿಗೆ ಸುಮಾರು 380 ಅಡಿ ಹೊಲಿಗೆ ಬೀಳುತ್ತದೆ, ಜೋಡಿ ಎಳೆಯ ದಾರ ಹತ್ತಿರ ಹತ್ತಿರ 300 ಮೀಟರ್ ಬೇಕಾಗುತ್ತದೆ. ದಬ್ಬಣ ಬೇಡ, ತೂತು ದೊಡ್ಡದಾಗುತ್ತದೆ. ಉದ್ದನೆಯ ದಪ್ಪ ಸೂಜಿ ಸಾಕು. ದಾರವನ್ನು ಮೇಣದ ಬತ್ತಿಯ ಮೇಲೆ ಒಮ್ಮೆ ಎಳೆದರೆ ಸಿಕ್ಕು ಬೀಳುವುದಿಲ್ಲ. ಇಂಚಿಗೆ ನಾಲ್ಕು ಹೊಲಿಗೆ ಬಂದರೆ ಒಳ್ಳೆಯ ಕೈ, ನನಗೆ ಮೂರೇ ಬರುತ್ತಿತ್ತು. ನಮ್ಮ ಸೆಖೆಗೆ ಬೆವರಿನ ಕೈಯಲ್ಲಿ ಸೂಜಿ ಜಾರುತ್ತದೆ, ಎರಡು ದಿನ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಅತ್ತೆ ತಮ್ಮ ಸೂಜಿಗಳನ್ನು ತಲೆಗೂದಲು ತುಂಬಿ ಹೊಲಿದ ಪುಟ್ಟ ಚೀಲದಲ್ಲಿ ಚುಚ್ಚಿಡುತ್ತಾರೆ, ಕೂದಲಿನ ಎಣ್ಣೆ ಸೂಜಿಯನ್ನು ಕಾಯುತ್ತದೆ. ಮೊದಮೊದಲು ನಾನು ಇದಕ್ಕೆ ಮೂಗು ಮುರಿದಿದ್ದೆ.

ಮೂಲೆಗಳಿಗೆ ಚೌಕದ ಚೂರನ್ನು ಎರಡು ಸಲ ಮಡಿಚಿ ತ್ರಿಕೋನದ ದಳ ಮಾಡಿ ಹಚ್ಚಿದೆವು. ಅಂಚಿನ ಪಟ್ಟಿಯನ್ನು ಮಾತ್ರ ಮಿಷನ್ನಿನಲ್ಲಿ ಹೊಲಿದೆ, ಅದು ಹೊಸ ಬಟ್ಟೆಯಾದ್ದರಿಂದ ಹರಿಯುವ ಭಯವಿರಲಿಲ್ಲ. ಕೊನೆಯ ಮೂಲೆ ಮುಚ್ಚುವ ಮೊದಲು ಅತ್ತೆ ಅಡುಗೆಮನೆಯಿಂದ ಒಂದು ಚಿಟಿಕೆ ಸಕ್ಕರೆ ತಂದು ಪದರದೊಳಗೆ ಉದುರಿಸಿ, "ಹಸದ ಕೌದಿ ಹೊಚ್ಚಗೊಬಾರದು" ಎಂದರು. ಇರುವೆ ಬರುತ್ತವಲ್ಲ ಎಂಬ ಮಾತು ನನ್ನ ಬಾಯಿಯ ತುದಿಗೆ ಬಂದು ಹಾಗೆಯೇ ಹಿಂದಕ್ಕೆ ಹೋಯಿತು. ಶುರುಮಾಡಿದ ದಿನದಿಂದ ಲೆಕ್ಕ ಹಾಕಿದರೆ 41 ದಿನ ಹಿಡಿದಿತ್ತು. ಎಳ್ಳಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಉಳಿದಿದ್ದವು.

ಕೌದಿಯ ಗದ್ದಲಕ್ಕೆ ಮೊದಲೇ ನಾನೊಂದು ತಪ್ಪು ಮಾಡಿದ್ದೆ. ಹುಕ್ಕು, ಗುಂಡಿ ಹಾಕಿಡುವ ನನ್ನ ಡಬ್ಬಿ ಹಳೆಯ ಬಿದರಿ ಕೆಲಸದ್ದು, ಮುಚ್ಚಳದ ಮೇಲೆ ಬೆಳ್ಳಿಯ ಬಳ್ಳಿ. ದೀಪಾವಳಿಗೆ ಹಿತ್ತಾಳೆ ಸಾಮಾನೆಲ್ಲ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುವಾಗ ಬೆಳ್ಳಿ ಮಂಕಾಗಿದೆಯೆಂದು ಅದನ್ನೂ ತಿಕ್ಕಿಬಿಟ್ಟೆ. ಬೆಳ್ಳಿ ಹೊಳೆಯಿತು, ಸುತ್ತಲಿನ ಕಪ್ಪು ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿ, ಬಳ್ಳಿ ಎಲ್ಲಿದೆಯೆಂದೇ ಕಾಣದಂತಾಯಿತು. ಬಿದರಿಯ ಮೈ ಬಹುಪಾಲು ಸತುವು, ಅದಕ್ಕೆ ತುಸು ತಾಮ್ರ. ಕಪ್ಪೆಂಬುದು ಮೇಲುಮೇಲಿನ ಪದರವಷ್ಟೇ. ಹುಳಿ ತಾಗಿದರೆ ಅದು ನಿಲ್ಲುವುದಿಲ್ಲ. ಬಿದರಿಗೆ ಬೇಕಾದದ್ದು ಮೆತ್ತಗಿನ ಬಟ್ಟೆ ಮತ್ತು ಒಂದು ಹನಿ ಕೊಬ್ಬರಿ ಎಣ್ಣೆ. ಮಿಷನ್ನಿಗೆ ಬೇಡವಾದ ಎಣ್ಣೆ ಇಲ್ಲಿ ಬೇಕು.

ಹೀಗಾಗಿ ಕೌದಿ ಕೊಡಲು ಬೀದರಿಗೆ ಹೊರಟಾಗ ಡಬ್ಬಿಯೂ ಚೀಲದಲ್ಲಿತ್ತು. 2017ರಲ್ಲಿ ಕಲಬುರಗಿ–ಬೀದರ್ ರೈಲು ಶುರುವಾದ ಮೇಲೆ ಇಂತಹ ಗಂಟುಮೂಟೆ ಹೊತ್ತು ಹೋಗುವುದು ಸುಲಭವಾಗಿದೆ. ಚೌಬಾರದ ಹತ್ತಿರ ಬಿದರಿ ಕೆಲಸದವರ ಅಂಗಡಿಯಲ್ಲಿ ಒಬ್ಬ ವಯಸ್ಸಾದ ಕುಶಲಕರ್ಮಿ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, "ಹುಣಸಿಹಣ್ಣು ಹಚ್ಚೀರಿ, ಹೌದಲ್ರೀ ಅಕ್ಕಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ಉಜ್ಜಿ ನಯಗೊಳಿಸಿ, ಹದವಾಗಿ ಬಿಸಿ ಮಾಡಿ, ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿ ಕಲಸಿದ್ದನ್ನು ಬಳಿದರು. ಕಲಸುವ ಮೊದಲು ಮಣ್ಣನ್ನು ಒಂದಿಷ್ಟು ನಾಲಿಗೆಯ ತುದಿಗೆ ಹಚ್ಚಿ ರುಚಿ ನೋಡಿದರು. ಮಳೆ, ಬಿಸಿಲು ತಾಗದ ಕಡೆಯ ಮಣ್ಣೇ ಆಗಬೇಕಂತೆ. ನಾನು ನೋಡುತ್ತಿದ್ದಂತೆ ಸತುವು ಕಾಡಿಗೆಯಂತೆ ಕಪ್ಪಾಯಿತು, ಬೆಳ್ಳಿ ಮಾತ್ರ ಬಣ್ಣ ಹಿಡಿಯದೆ ಬಳ್ಳಿಯಾಗಿ ಮೇಲೆದ್ದಿತು.

ಮಗಳು ಕೌದಿ ಬಿಡಿಸಿದ ಕೂಡಲೇ ಹುಡುಕಿದ್ದು ತನ್ನ ಯೂನಿಫಾರ್ಮಿನ ನೀಲಿಯನ್ನು. "ಅವ್ವಾ, ಇಲ್ಲಿ ಎರಡು ತುಂಡು ಒಂದರ ಮ್ಯಾಲೊಂದು ಯಾಕ್ ಹಚ್ಚೀದಿ?" ಎಂದಳು. ನಿಮ್ಮ ಆಯಿಯನ್ನು ಕೇಳು ಎಂದು ಹೇಳಿ, ಡಬ್ಬಿಯನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು, ಸಂಜೆಯ ರೈಲಿಗೆ ಸ್ಟೇಷನ್ನಿನ ಆಟೋ ಹತ್ತಿದೆ.