ಸ್ಫೋಟದ ವಿಡಿಯೊ ಬದಿಗಿಟ್ಟು ಹಳೆಯ ತಾರೀಖುಗಳನ್ನು ಹುಡುಕಿದ್ದು

ಆ ರಾಸಾಯನಿಕ ಗೋದಾಮು ಸ್ಫೋಟವಾಗಿದ್ದು ಮಧ್ಯಾಹ್ನ. ಸಂಜೆಯೊಳಗೆ ನನ್ನ ಹತ್ತಿರ 40ಕ್ಕೂ ಹೆಚ್ಚು ವಿಡಿಯೊಗಳಿದ್ದವು. ಮೊದಲ ವಾರ ಪೂರ್ತಿ ಅವನ್ನೇ ನೋಡುತ್ತಾ ಕೂತೆ. ಎಷ್ಟು ಸಲ ಸ್ಫೋಟವಾಯಿತು, ಹೊಗೆ ಯಾವ ಬಣ್ಣದ್ದು, ಬೆಂಕಿ ಯಾವ ಶೆಡ್‌ನಿಂದ ಶುರುವಾಯಿತು, ಬರೀ ಇದೇ ಯೋಚನೆ. ಆದರೆ ಸತ್ತವರ ಮನೆಯವರು ಕೇಳುತ್ತಿದ್ದ ಪ್ರಶ್ನೆ ಬೇರೆಯೇ ಇತ್ತು. ಅಲ್ಲಿ ಅಷ್ಟೊಂದು ಸರಕು ಇದೆ ಅಂತ ಯಾರಿಗೆ ಗೊತ್ತಿತ್ತು? ಯಾವಾಗಿನಿಂದ ಗೊತ್ತಿತ್ತು?

ಆ ಪ್ರಶ್ನೆಯ ಹಿಂದೆ ಹೋಗಿದ್ದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಪ್ರಕರಣ ಇನ್ನೂ ನಡೆಯುತ್ತಿದೆ, ಹಾಗಾಗಿ ಊರಿನ ಹೆಸರು, ಕಾರ್ಖಾನೆಯ ಹೆಸರು ಹಾಕುವುದಿಲ್ಲ. ನಾನು ಬಳಸಿದ್ದೆಲ್ಲ ಯಾರು ಬೇಕಾದರೂ ನೋಡಬಹುದಾದ ವಿಡಿಯೊ, ಉಪಗ್ರಹ ಚಿತ್ರ, ಸರ್ಕಾರಿ ಕಾಗದ, ಕೋರ್ಟ್ ಆದೇಶ. ಓಪನ್ ಸೋರ್ಸ್ ತನಿಖೆ ಅನ್ನುವುದು ಇದಕ್ಕೇ.

ಮೊದಲ ಕೆಲಸ ಉಳಿಸಿಡುವುದು. ಮೂರೇ ದಿನದಲ್ಲಿ 9 ವಿಡಿಯೊಗಳು ಅಳಿಸಿಹೋದವು. ಹಾಕಿದವರಿಗೆ ಭಯ, ಪಾಪ. ನಾನು ಪ್ರತಿಯೊಂದನ್ನೂ ಇಳಿಸಿಕೊಂಡು, ಎಲ್ಲಿ ಸಿಕ್ಕಿತು, ಯಾವ ದಿನ ಎಷ್ಟು ಗಂಟೆಗೆ ಇಳಿಸಿಕೊಂಡೆ ಅಂತ ಒಂದು ಪಟ್ಟಿಯಲ್ಲಿ ಬರೆದೆ. ಪ್ರತಿ ಫೈಲ್‌ಗೂ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಉದ್ದದ ಸಂಖ್ಯೆ, ತೆಗೆದಿಟ್ಟೆ. ಫೈಲ್‌ನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. ನಾಳೆ ಯಾರಾದರೂ ‘ನೀವೇ ತಿದ್ದಿದ್ದೀರಿ’ ಅಂದರೆ ತೋರಿಸಲು ಇದು ಬೇಕು. ಸರ್ಕಾರಿ ಪುಟಗಳನ್ನು, ವೆಬ್ ಪುಟಗಳ ಹಳೆಯ ಪ್ರತಿ ಉಳಿಸಿಡುವ ವೇಬ್ಯಾಕ್ ಮಷೀನ್‌ನಲ್ಲಿ ಸೇರಿಸಿದೆ. ಸ್ಫೋಟವಾಗಿ ಹತ್ತು ದಿನಕ್ಕೆ ಅದರಲ್ಲಿ ಎರಡು ಪುಟ ತೆರೆಯುವುದೇ ನಿಂತುಹೋಯಿತು. ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊದಲ್ಲಿ ತೆಗೆದ ಸಮಯದ ಮಾಹಿತಿ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಆದಷ್ಟೂ ತೆಗೆದವರನ್ನೇ ಹುಡುಕಿ ಮೂಲ ಫೈಲ್ ಕೇಳಬೇಕು.

ವಿಡಿಯೊ ಎಲ್ಲಿಂದ ತೆಗೆದಿದ್ದು ಅಂತ ಗುರುತಿಸಲು ನೀರಿನ ಟ್ಯಾಂಕು, ಚಿಮಣಿ, ಮೊಬೈಲ್ ಟವರ್ ಸಾಕಾಯಿತು. ಸಮಯಕ್ಕೆ ಕಂಬದ ನೆರಳು ನೋಡಿದೆ. ಸೂರ್ಯನ ಸ್ಥಾನ ತೋರಿಸುವ ಜಾಲತಾಣ ಸನ್‌ಕ್ಯಾಲ್ಕ್‌ನಲ್ಲಿ ಜಾಗ ಮತ್ತು ದಿನ ಕೊಟ್ಟರೆ ಯಾವ ಹೊತ್ತಿಗೆ ನೆರಳು ಯಾವ ದಿಕ್ಕಿಗೆ ಬೀಳುತ್ತದೆ ಅಂತ ತಿಳಿಯುತ್ತದೆ. ಒಂದು ವಿಡಿಯೊದಲ್ಲಿ ಬೆಳಕು ಕಂಡ ನಾಲ್ಕೂವರೆ ಸೆಕೆಂಡಿಗೆ ಸದ್ದು ಬಂತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ ದೂರ ಸುಮಾರು ಒಂದೂವರೆ ಕಿಲೋಮೀಟರ್. ಆದರೆ ಸ್ಫೋಟದ ಹತ್ತಿರ ಅಲೆ ಇದಕ್ಕಿಂತ ಜೋರಾಗಿ ಓಡುತ್ತದೆ, ಆದ್ದರಿಂದ ಈ ಲೆಕ್ಕವನ್ನು ಅಂದಾಜಿಗೆ ಮಾತ್ರ ಇಟ್ಟುಕೊಂಡೆ.

ನನ್ನ ದಾರಿ ಬದಲಿಸಿದ್ದು ಲೆಬನಾನ್ ದೇಶದ ಬೈರೂತ್ ಬಂದರಿನ ಸ್ಫೋಟದ ಕಾಗದಗಳು. 2020ರ ಆಗಸ್ಟ್ 4ರಂದು ಅಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಆ ವಿಡಿಯೊಗಳನ್ನು ಜಗತ್ತೇ ನೋಡಿದೆ. ಆದರೆ ಆ ಸ್ಫೋಟಕ್ಕೆ ಕಾರಣವಾದ 2,750 ಟನ್ ಅಮೋನಿಯಂ ನೈಟ್ರೇಟ್ (ಗೊಬ್ಬರಕ್ಕೂ ಸ್ಫೋಟಕಕ್ಕೂ ಬಳಸುವ ರಾಸಾಯನಿಕ) 2013ರಲ್ಲೇ ಹಡಗಿನಲ್ಲಿ ಬಂದಿತ್ತು. ಆಮೇಲೆ 12ನೇ ಗೋದಾಮು ಸೇರಿತು. 2014ರಿಂದ 2017ರವರೆಗೆ ಕಸ್ಟಮ್ಸ್ ಅಧಿಕಾರಿಗಳು ಕೋರ್ಟಿಗೆ ಮತ್ತೆ ಮತ್ತೆ ಪತ್ರ ಬರೆದು, ಇದನ್ನು ಏನು ಮಾಡಬೇಕು ಹೇಳಿ ಅಂತ ಕೇಳಿದ್ದರು. ಆ ಪತ್ರಗಳ ತಾರೀಖುಗಳನ್ನು ಸಾಲಾಗಿ ಬರೆದುಕೊಂಡಾಗ ನನ್ನ ಕೈ ನಿಂತಿತು. ಎಷ್ಟು ವರ್ಷ ಸಮಯವಿತ್ತು ಅಲ್ವಾ?

ವಿಶಾಖಪಟ್ಟಣದ ಕಥೆಯೂ ಹಾಗೇ. 2020ರ ಮೇ 7ರ ಬೆಳಗಿನ ಜಾವ ಅಲ್ಲಿನ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಅನ್ನುವ ವಿಷಾನಿಲ ಸೋರಿತು. ಅದಕ್ಕೂ ಒಂದು ವರ್ಷ ಮೊದಲೇ, 2019ರ ಮೇನಲ್ಲಿ, ತನಗೆ ಸರಿಯಾದ ಪರಿಸರ ಅನುಮತಿ ಇಲ್ಲ ಅಂತ ಆ ಕಂಪನಿಯೇ ಅಧಿಕಾರಿಗಳಿಗೆ ಅಫಿಡವಿಟ್ ಕೊಟ್ಟಿತ್ತು. ಮುಚ್ಚಿಟ್ಟ ಗುಟ್ಟಲ್ಲ ಇದು, ಅನುಮತಿ ಕೇಳಿದ ಅರ್ಜಿಯ ಜೊತೆಗಿದ್ದ ಕಾಗದ.

ನಾನೂ ಒಂದು ತಾರೀಖು ಪಟ್ಟಿ ಶುರು ಮಾಡಿದೆ. ಮೂರೇ ಕಾಲಂ. ತಾರೀಖು, ಏನಾಯಿತು, ಆ ದಿನ ಅದು ಯಾರ ಮೇಜಿನ ಮೇಲಿತ್ತು.

ಅಷ್ಟರಲ್ಲಿ ಅಧಿಕಾರಿಗಳ ಕಡೆಯಿಂದ ಒಂದು ಮಾತು ಹಬ್ಬಿತ್ತು. ‘ಕಾರ್ಖಾನೆ ಮೊದಲೇ ಇತ್ತು, ಜನ ಆಮೇಲೆ ಬಂದು ಪಕ್ಕದಲ್ಲಿ ಮನೆ ಕಟ್ಟಿಕೊಂಡರು’ ಅಂತ. ಸತ್ತವರ ಮೇಲೇ ತಪ್ಪು ಹೊರಿಸುವ ಮಾತು. ಕೇಳಿ ನನಗೆ ತುಂಬಾ ಸಿಟ್ಟು ಬಂತು. ಇದನ್ನು ಸಾಕ್ಷಿ ಇಟ್ಟೇ ನೋಡಬೇಕು ಅಂತ ಗೂಗಲ್ ಅರ್ಥ್ ಪ್ರೊನಲ್ಲಿ ಹಳೆಯ ಉಪಗ್ರಹ ಚಿತ್ರಗಳನ್ನು ತೆರೆದೆ. 2000ದ ದಶಕದ ಚಿತ್ರದಲ್ಲಿ ಮನೆಗಳ ಎರಡು ಸಾಲು ಸ್ಪಷ್ಟವಾಗಿತ್ತು. ಕಾರ್ಖಾನೆ ಇತ್ತು, ಆದರೆ ದೂರದಲ್ಲಿ. ನಡುವೆ ಖಾಲಿ ಜಾಗ. ಮುಂದಿನ ಚಿತ್ರಗಳಲ್ಲಿ ಆ ಖಾಲಿ ಜಾಗದಲ್ಲಿ ಒಂದೊಂದೇ ಶೆಡ್ ಏಳುತ್ತಾ ಬಂತು. ಮನೆಗಳು ಕಾರ್ಖಾನೆ ಕಡೆ ಹೋಗಿರಲಿಲ್ಲ. ಕಾರ್ಖಾನೆಯೇ ಮನೆಗಳ ಬಾಗಿಲಿಗೆ ಬಂದಿತ್ತು.

ಇಲ್ಲೇ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಕೊನೆಯ ಶೆಡ್ ಅನುಮತಿಗೂ ಎರಡು ವರ್ಷ ಮುಂಚೆಯೇ ಕಟ್ಟಿದ್ದು ಅಂತ ಕರಡಿನಲ್ಲಿ ಬರೆದುಬಿಟ್ಟೆ. ಓದಿದ ಗೆಳತಿಯೊಬ್ಬಳು ಆ ತಾರೀಖು ಎಲ್ಲಿಂದ ಬಂತು ಅಂತ ಕೇಳಿದಳು. ಪರದೆಯ ಕೆಳಗೆ ಕಾಣುವ ತಾರೀಖನ್ನು ಬರೆದುಕೊಂಡಿದ್ದೆ. ಆ ಪರದೆಯಲ್ಲಿ ಕಾಣುವುದು ಹಲವು ಚಿತ್ರಗಳ ಜೋಡಣೆ. ಪಕ್ಕಪಕ್ಕದ ತುಂಡುಗಳ ತಾರೀಖು ಬೇರೆ ಬೇರೆ ಇರಬಹುದು. ನಾನು ಪಕ್ಕದ ತುಂಡಿನ ತಾರೀಖನ್ನು ಶೆಡ್‌ಗೆ ಅಂಟಿಸಿದ್ದೆ. ಅದು ಹಾಗೇ ಹೊರಗೆ ಹೋಗಿದ್ದರೆ ಆ ಒಂದು ತಪ್ಪು ಹಿಡಿದು ಮಿಕ್ಕಿದ್ದನ್ನೆಲ್ಲ ತಳ್ಳಿಹಾಕುತ್ತಿದ್ದರು.

ಆಮೇಲೆ ಸೆಂಟಿನೆಲ್-2 ಚಿತ್ರಗಳಿಗೆ ಹೋದೆ. ಯುರೋಪಿನ ಈ ಉಪಗ್ರಹಗಳ ಚಿತ್ರಗಳು ಉಚಿತ. ಎರಡು ಉಪಗ್ರಹ ಸೇರಿ ಸುಮಾರು 5 ದಿನಕ್ಕೊಮ್ಮೆ ಅದೇ ಜಾಗ ತೆಗೆಯುತ್ತವೆ. ಪ್ರತಿ ಚಿತ್ರಕ್ಕೂ ಗಟ್ಟಿಯಾದ ತಾರೀಖಿದೆ. ತೊಂದರೆ ಏನೆಂದರೆ ಚಿತ್ರದ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಮನೆ ಕಾಣುವುದಿಲ್ಲ, ಆದರೆ ದೊಡ್ಡ ತಗಡಿನ ಚಾವಣಿ ಬಿಳಿಯಾಗಿ ಹೊಳೆಯುತ್ತದೆ. ಒಂದು ತಾರೀಖಿನ ಚಿತ್ರದಲ್ಲಿ ಬರೀ ಮಣ್ಣು. ಮುಂದೆ ಮೋಡ, ಮತ್ತೆ ಮೋಡ. ಮೋಡ ಸರಿದ ಮೊದಲ ಚಿತ್ರದಲ್ಲಿ ಚಾವಣಿ. ಶೆಡ್ ಎದ್ದಿದ್ದು ಈ ಏಳು ವಾರದೊಳಗೆ ಅಂತ ಬರೆದೆ, ಅದಕ್ಕಿಂತ ಜಾಸ್ತಿ ಬರೆಯಲಿಲ್ಲ. ಅನುಮತಿ ಬಂದಿದ್ದು ಅದಾಗಿ ಐದು ತಿಂಗಳ ಮೇಲೆ. ಎರಡು ವರ್ಷ ಅಲ್ಲ, ಐದು ತಿಂಗಳು. ಆದರೆ ಇದನ್ನು ಯಾರೂ ಅಲ್ಲಾಡಿಸಲು ಆಗುವುದಿಲ್ಲ.

ಉಪಗ್ರಹಕ್ಕಿಂತ ಹೆಚ್ಚು ಕೊಟ್ಟಿದ್ದು ತಪಾಸಣೆ ವರದಿಗಳು. ಮೂರು ವರ್ಷದ ಮೂರು ವರದಿಗಳನ್ನು ಪಕ್ಕಪಕ್ಕ ಇಟ್ಟೆ. ವಾಕ್ಯಗಳು ಒಂದೇ, ಕಾಗುಣಿತದ ತಪ್ಪೂ ಒಂದೇ. ಎರಡು ವರದಿಗಳಲ್ಲಿ ಗೋದಾಮಿನ ಒಳಗಿನ ಫೋಟೊ ಇತ್ತು. ನೆಲದ ಮೇಲೆ ಚೆಲ್ಲಿದ ನೀರಿನ ಆಕಾರ, ಗೋಡೆಗೆ ಒರಗಿಸಿದ ಪೊರಕೆ, ಎರಡರಲ್ಲೂ ಅವೇ. ಅದು ಒಂದೇ ಫೋಟೊ. ಎರಡನೇ ವರ್ಷ ಯಾರೂ ಒಳಗೆ ಹೋಗಲೇ ಇಲ್ಲ ಅಂತ ನಾನು ಬರೆಯಲಿಲ್ಲ, ಅದು ನನಗೆ ಗೊತ್ತಿಲ್ಲದ ವಿಷಯ. ಹೊಸ ವರದಿಯಲ್ಲಿ ಹಳೆಯ ಫೋಟೊ ಇದೆ ಅಂತಷ್ಟೇ ಬರೆದೆ. ಓದಿದವರಿಗೆ ಅಷ್ಟೇ ಸಾಕಾಯಿತು.

ಇನ್ನೊಂದು ಮಾತು ಹೇಳಲೇಬೇಕು. ಸ್ಫೋಟಕ್ಕೆ ಎರಡು ತಿಂಗಳ ಮುಂಚೆ ಒಬ್ಬ ಕಾರ್ಮಿಕ ಗೋದಾಮಿನೊಳಗೆ ತೆಗೆದ ವಿಡಿಯೊ ನನಗೆ ಸಿಕ್ಕಿತ್ತು. ಮೂಟೆಗಳು ಚಾವಣಿ ಮುಟ್ಟುವಷ್ಟು ಎತ್ತರ. ಎಲ್ಲಕ್ಕಿಂತ ಬಲವಾದ ಸಾಕ್ಷಿ ಅದು. ಆದರೆ ಆ ವಿಡಿಯೊ ನೋಡಿದರೆ ಯಾವ ಜಾಗದಲ್ಲಿ ನಿಂತು ತೆಗೆದಿದ್ದು, ಆ ಪಾಳಿಯಲ್ಲಿ ಅಲ್ಲಿದ್ದವರು ಯಾರು ಅಂತ ಗೊತ್ತಾಗಿಬಿಡುತ್ತದೆ. ವಿಡಿಯೊ ತೆಗೆದವರನ್ನೇ ಕೇಳಿದೆ. ಬೇಡ ಅಂದರು. ಬಳಸಲಿಲ್ಲ. ಎಲ್ಲರಿಗೂ ಕಾಣುವಂತೆ ಹಾಕಿದ್ದನ್ನು ಬಳಸಿದರೆ ತಪ್ಪೇನು ಅಂತ ಕೆಲವರು ವಾದ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಕೆಲಸ ಹೋಗುವುದು ಅವರದ್ದು.

ವಿಡಿಯೊಗಳನ್ನು ಈಗ ಸದ್ದು ತೆಗೆದು ನೋಡುತ್ತೇನೆ, ಸದ್ದು ಬೇಕಾದಾಗ ಮಾತ್ರ ಹಾಕುತ್ತೇನೆ. ಕಣ್ಣಿಗೆ ಕಂಡದ್ದಕ್ಕಿಂತ ಕಿವಿಗೆ ಬಿದ್ದ ಕೂಗು ಹೆಚ್ಚು ದಿನ ಉಳಿಯುತ್ತದೆ.

ಪಟ್ಟಿ ಮುಗಿಸಿ ಸತ್ತವರ ಮನೆಯವರ ವಕೀಲರಿಗೆ ಕೊಡುವ ಮುಂಚೆ ಆ ಸಾಲುಮನೆಯವರ ಜೊತೆ ಕೂತು ಚಿತ್ರಗಳನ್ನು ತೋರಿಸಿದೆ. ಮಗನನ್ನು ಕಳೆದುಕೊಂಡ ಅಮ್ಮ ಒಬ್ಬರು ಹಳೆಯ ಚಿತ್ರವನ್ನು ತುಂಬಾ ಹೊತ್ತು ನೋಡಿದರು. ಒಂದು ಕಪ್ಪು ಚುಕ್ಕೆಯ ಮೇಲೆ ಬೆರಳಿಟ್ಟು, ‘ಇದು ನಮ್ಮ ಬಾವಿ, ಅವನು ಹುಟ್ಟಿದ ವರ್ಷ ತೋಡಿಸಿದ್ದು’ ಅಂದರು. ಅದನ್ನು ನಾನು ಮರದ ನೆರಳು ಅಂದುಕೊಂಡಿದ್ದೆ. ಬಾವಿ ತೋಡಿಸಿದ್ದಕ್ಕೆ ಪಂಚಾಯಿತಿಯ ರಸೀದಿ ಇದೆ ಅಂತ ಒಳಗೆ ಹೋಗಿ ತಂದರು. ಅದರ ಮೇಲೆ ತಾರೀಖು ಇತ್ತು. ಪಟ್ಟಿಯ ಮೊದಲ ಸಾಲು ಈಗ ಅದೇ.